ಐದು ಬೆರಳಿನ ತಾಯಿತ

"ತಗೋಮ್ಮ, ಇದನ್ನ ಕುತ್ತಿಗೆಗೆ ಹಾಕ್ಕೋ. ಇನ್ಮೇಲೆ ನಿನಗೆ ಯಾವ ಅಪಾಯಾನೂ ಬರಲ್ಲ," ಎನ್ನುತ್ತ ಕಾರ್ಖಾನೆಯ ಯಜಮಾನರು ಡಬ್ಬಿಯಿಂದ ಚಿನ್ನದ ಬಣ್ಣದ ಪುಟ್ಟ ಅಂಗೈಯೊಂದನ್ನು ತೆಗೆದು ತಂಗಿಯ ಮುಂದೆ ಹಿಡಿದರು. ಅಭ್ಯಾಸಬಲದಿಂದ ಬಲಗೈ ಚಾಚಿದ ತಂಗಿ, ನೆನಪಾದವಳಂತೆ ಆ ಬ್ಯಾಂಡೇಜಿನ ಕೈಯನ್ನು ಥಟ್ಟನೆ ಬೆನ್ನ ಹಿಂದಕ್ಕೆ ಎಳೆದುಕೊಂಡಳು.

ಪಕ್ಕದ ಮೇಜಿನ ಮುಂದೆ ಕೂತು ತಾಯಿತಗಳನ್ನು ಪರೀಕ್ಷಿಸುತ್ತಿದ್ದ ಅವಳ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಇದೇ ಕಾರ್ಖಾನೆಯ ಪ್ರೆಸ್ ಯಂತ್ರ ತಂಗಿಯ ಎರಡು ಬೆರಳು ತಿಂದು ಇನ್ನೂ ಹನ್ನೊಂದು ದಿನ ಆಗಿತ್ತಷ್ಟೇ. ಈ ಮಹಾನುಭಾವರು ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಈಗ ಬಂದರು, ತಾಯಿತ ಹಿಡಿದುಕೊಂಡು!

ಯಾವ ದೇಶದವರಿಗೆ ಯಾವ ಭಯವೋ, ಅದಕ್ಕೆ ತಕ್ಕ ತಾಯಿತ ಇಲ್ಲಿ ತಯಾರಾಗುತ್ತಿತ್ತು. ಕೆಲವರಿಗೆ ನೀಲಿ ಕಣ್ಣು, ಕೆಲವರಿಗೆ ಕುದುರೆ ಲಾಳ, ಇನ್ನು ಕೆಲವರಿಗೆ ನಾಲ್ಕೆಸಳಿನ ಎಲೆ. ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಐದು ಬೆರಳಿನ ಅಂಗೈಗೆ. ಬಾಗಿಲಿಗೆ ತೂಗುಹಾಕಿದರೆ ಕೆಡುಕು ಹೊಸಿಲು ದಾಟುವುದಿಲ್ಲವಂತೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಬೆರಳುಗಳನ್ನು ನೋಡುವುದೇ ಅಕ್ಕನ ಕೆಲಸ. ಒಂದೇ ಒಂದು ಬೆರಳು ಮೊಂಡಾಗಿದ್ದರೂ ಅಂಥದು ನೇರ ರಿಜೆಕ್ಟ್ ಬುಟ್ಟಿಗೆ. ಬೆರಳಿಲ್ಲದ ಅಂಗೈಯನ್ನು ಯಾರು ಕೊಳ್ಳುತ್ತಾರೆ?

"ತಾಯಿತ ಬೇಡ ಸಾರ್. ವಾಸಿಯಾದ ಮೇಲೆ ಬಾ, ಕೆಲಸ ಕೊಡ್ತೀನಿ ಅಂತ ಹೇಳಿಕಳಿಸಿದ್ರಲ್ಲ," ಎಂದಳು ತಂಗಿ.

"ಹೇಳಿದ್ದೆ, ಇಲ್ಲ ಅನ್ನಲ್ಲ. ಆದ್ರೆ ಮೂರು ಬೆರಳಲ್ಲಿ ಏನು ಕೆಲಸ ಮಾಡ್ತೀಯ, ನೀನೇ ಹೇಳು? ಎಲ್ಲಾ ನಿನ್ನ ಗ್ರಹಚಾರ. ಯಾರದೋ ಕೆಟ್ಟ ಕಣ್ಣು ಬಿದ್ದಿದೆ."

"ಕಣ್ಣಂತೆ, ಕಣ್ಣು!" ಅಕ್ಕನಿಗೆ ತಡೆಯಲಾಗಲಿಲ್ಲ. "ಕೆಟ್ಟ ಕಣ್ಣು ತಾಗದ ಹಾಗೆ ಮಾಡೋ ತಾಯಿತ ದಿನಕ್ಕೆ ಸಾವಿರ ಮಾರ್ತೀರಿ. ಅದು ಬಂದು ಬೀಳೋಕೆ ನಿಮ್ಮ ಕಾರ್ಖಾನೇನೇ ಬೇಕಾಗಿತ್ತಾ?"

"ನೀನು ಸುಮ್ನೆ ನಿನ್ನ ಕೆಲಸ ನೋಡು!"

ಆಗ ತಂಗಿಗೆ ಎಲ್ಲಿಂದ ಬಂತೋ ಧೈರ್ಯ. "ಅಕ್ಕಾ, ಕೆಲಸ ಹೋಗುತ್ತೆ ಅಂತ ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಹೋಯ್ತಲ್ಲ, ಇನ್ನೇನು! ಎರಡು ಗುಂಡೀನೂ ಒಟ್ಟಿಗೆ ಒತ್ತಿದ್ರೆ ಮಾತ್ರ ಪ್ರೆಸ್ ಕೆಳಗೆ ಬೀಳೋದು. ಎರಡು ಕೈಯೂ ಗುಂಡಿ ಮೇಲಿದ್ರೆ ಬೆರಳು ಒಳಗೆ ಹೇಗೆ ಹೋಗುತ್ತೆ ಹೇಳು? ಬಲಗಡೆ ಗುಂಡೀನ ಇವರೇ ಅದುಮಿ ಏನೋ ಸಿಕ್ಕಿಸಿದ್ರು. ಬಲಗೈಲಿ ತಗಡು ಇಡ್ತಾ ಹೋಗು, ಎಡಗೈಲಿ ಒತ್ತುತಾ ಹೋಗು, ಮಾಲು ಬೇಗ ಬೀಳುತ್ತೆ ಅಂದ್ರು."

"ಶುದ್ಧ ಸುಳ್ಳು!" ಯಜಮಾನರ ಮುಖ ಕೆಂಪೇರಿತು. "ಸೋಮಾರಿತನಕ್ಕೆ ಅದನ್ನ ತಾನೇ ಸಿಕ್ಕಿಸಿಕೊಂಡು ಈಗ ನನ್ನ ಮೇಲೆ ಹಾಕ್ತಾಳೆ!"

ಅಕ್ಕ ಎದ್ದಳು. ಹನ್ನೊಂದು ದಿನ ಅವಳು ಅತ್ತಿದ್ದಳು, ತಂಗಿಯ ಹಣೆಬರಹಕ್ಕೆ ಹಿಡಿಶಾಪ ಹಾಕಿದ್ದಳು. ಗೋಡೆಯಾಚೆಯ ಪ್ರೆಸ್ ಕೋಣೆಗೆ ಹೋಗಿ ಆ ಯಂತ್ರವನ್ನು ಒಂದು ಸಲ ನೋಡಬೇಕೆಂದು ಮಾತ್ರ ಹೊಳೆದಿರಲಿಲ್ಲ. ಅದನ್ನು ನೆನೆದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅವಳು ಗೋಡೆಯಾಚೆಗೆ ನುಗ್ಗಿದಳು. ಅಲ್ಲಿ ತಂಗಿ ಕೂರುತ್ತಿದ್ದ ಸ್ಟೂಲಿನ ಮೇಲೆ ಮೊನ್ನೆಯಷ್ಟೇ ಸೇರಿದ ಹೊಸಬಳು ಕೂತಿದ್ದಳು. ಬಲಗೈ ಒಳಗೆ ಹೋಗಿ ತಗಡು ಇಟ್ಟು ಹೊರಗೆ ಬರುವುದಕ್ಕೂ ಪ್ರೆಸ್ ಧಡ್ ಎಂದು ಬೀಳುವುದಕ್ಕೂ ಕಣ್ಣು ಮಿಟುಕಿಸುವಷ್ಟೇ ಅಂತರ. "ಕೈ ತೆಗಿಯೇ!" ಎಂದು ಅಕ್ಕ ಕಿರುಚಿದಳು. ಬಲಗಡೆಯ ಗುಂಡಿಯ ಸಂದಿಗೆ ಉಗುರು ತೂರಿಸಿ, ಅಲ್ಲಿ ಸಿಕ್ಕಿಸಿದ್ದನ್ನು ಕಿತ್ತು ಬೆಳಕಿಗೆ ಹಿಡಿದಳು. ಪುಟ್ಟ ಅಂಗೈ. ಕಿರುಬೆರಳು ಮೊಂಡು. ಮೊನ್ನೆ ಅವಳೇ ರಿಜೆಕ್ಟ್ ಬುಟ್ಟಿಗೆ ಎಸೆದಿದ್ದ ತಾಯಿತ.

ಹೊಸಬಳು ಎಡಗೈಯಿಂದ ಗುಂಡಿ ಒತ್ತಿದಳು. ಪ್ರೆಸ್ ಅಲುಗಲಿಲ್ಲ.

ಸದ್ದು ನಿಂತದ್ದೇ ತಡ, ಯಜಮಾನರು ಓಡಿಬಂದರು. "ಯಾಕೆ ನಿಲ್ಲಿಸಿದ್ರಿ? ಸಂಜೆ ಒಳಗೆ ಮಾಲು ಹೋಗಬೇಕು! ಮೊದಲು ಅದನ್ನ ಇದ್ದಲ್ಲೇ ಇಡು!"

"ಹನ್ನೊಂದು ದಿನ ಇತ್ತ ಕಾಲಿಡದ ನನ್ನ ತಂಗಿ ಈ ಹೊಸಬಳಿಗೂ ಬಂದು ಸಿಕ್ಕಿಸಿಕೊಟ್ಟು ಹೋದ್ಲಾ ಸಾರ್?" ಅಕ್ಕ ತಾಯಿತವನ್ನು ಅವರ ಮುಖದ ಮುಂದೆ ಹಿಡಿದಳು. ಬೇರೆ ಬೇರೆ ಮೇಜುಗಳಿಂದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ನಿಂತರು. "ಇಡು ಅಂದ್ನಲ್ಲ!" ಎಂದು ಯಜಮಾನರು ಮತ್ತೆ ಅರಚಿದರು.

"ಆಯ್ತು, ಇಡ್ತೀನಿ," ಎಂದಳು ಅಕ್ಕ. ಗುಂಡಿಯನ್ನು ಅದುಮಿ ತಾಯಿತವನ್ನು ಮತ್ತೆ ಅದೇ ಸಂದಿಗೆ ತುರುಕಿದಳು. ಹೊಸಬಳು ಯಾರೂ ಹೇಳದೆಯೇ ಸ್ಟೂಲು ಬಿಟ್ಟು ಎದ್ದು, ಎರಡೂ ಕೈ ಕಂಕುಳಲ್ಲಿ ಅವುಚಿಕೊಂಡು ಗೋಡೆಗೆ ಒರಗಿದಳು.

"ಬನ್ನಿ ಸಾರ್, ಕೂತ್ಕೊಳ್ಳಿ. ಕುತ್ತಿಗೆಗೆ ಒಂದಲ್ಲ, ಹತ್ತು ತಾಯಿತ ಹಾಕ್ಕೊಳ್ಳಿ. ಅಂಗೈ ಸಾಲದಿದ್ರೆ ಕಣ್ಣು, ಲಾಳ, ಎಲೆ, ಎಲ್ಲಾನೂ ಹಾಕ್ಕೊಳ್ಳಿ. ಬಲಗೈ ಒಳಗಿಡಿ." ಅಕ್ಕ ಎಡಗಡೆಯ ಗುಂಡಿಯ ಮೇಲೆ ತನ್ನ ಹೆಬ್ಬೆರಳಿಟ್ಟಳು. "ಇದನ್ನ ನಾನು ಒತ್ತುತೀನಿ."

"ಏನು ಹುಚ್ಚುಹುಚ್ಚಾಗಿ ಮಾತಾಡ್ತಿದ್ದೀಯ ನೀನು?" ಎಂದು ಯಜಮಾನರು ಗದರಿಸಿದರು. ಆದರೆ ಮಾತು ಮುಗಿಯುವಷ್ಟರಲ್ಲಿ ಅವರ ಎರಡೂ ಕೈ, ಹತ್ತೂ ಬೆರಳು ಸಮೇತ, ಪ್ಯಾಂಟಿನ ಜೇಬಿನೊಳಗೆ ಹೋಗಿ ಅಡಗಿದ್ದವು.