ಅಪ್ಪನ ಅಕ್ಷರ

ಕಿತ್ತ ಪ್ಲಗ್ಗು ತಮ್ಮನ ಕೈಯಲ್ಲೇ ಇತ್ತು. ಬಾಗಿಲಲ್ಲಿ ನಿಂತ ಅಕ್ಕ ಕಣ್ಣಾರೆ ಕಂಡಳು. ಗಳಿಗೆಯ ಹಿಂದೆ ಅಪ್ಪನ ಕಂಪ್ಯೂಟರಿನ ಪರದೆಯ ಮೇಲೆ, ಬಯಾಸ್ ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ ಎಂಬ ಎಚ್ಚರಿಕೆಯಿತ್ತು. ಈಗ ಬರೀ ಕಪ್ಪು.

"ಏನು ಮಾಡಿದೆಯೋ?"

"ಹೋಗಲಿ ಬಿಡಕ್ಕಾ."

ಕೈತಪ್ಪಿ ಆಯಿತು ಎನ್ನಲಿಲ್ಲ. ತಲೆ ಮಾತ್ರ ಎತ್ತಲಿಲ್ಲ.

ಅದರೊಳಗೆ ಅಪ್ಪನ ಅಕ್ಷರಗಳಿದ್ದವು. ಅಚ್ಚಿಗೆಂದು ಹಾಳೆಯ ಮೇಲೆ ಬರೆದ ಇಡೀ ಅಕ್ಷರಮಾಲೆಯನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ, ತಿದ್ದಿ ತೀಡಿ, ಹೋದ ವರ್ಷ ಅಪ್ಪ ಕಣ್ಣು ಮುಚ್ಚಿದ್ದರು. ಎಲ್ಲರ ಬರಹದಲ್ಲಿ ದಪ್ಪ ಗೆರೆ ಬಲಕ್ಕೆ ಒರಗಿದರೆ ಇವುಗಳಲ್ಲಿ ಎಡಕ್ಕೆ. ಬಲ್ಲವರು ಬೆರಗಾಗಿ ಹೊಗಳಿದರೆ ಅಪ್ಪ ಕೈ ಮುಗಿದು ಮೇಲೆ ನೋಡುತ್ತಿದ್ದರು: "ಬರೆದ ಕೈ ನನ್ನದಲ್ಲಪ್ಪ."

ಮರುದಿನ ಶಾಲೆಯ ಪುಸ್ತಕಗಳ ಪ್ರಕಾಶಕರು ಬಂದು, ಅಪ್ಪನ ಹೆಸರಿಟ್ಟು, ಅವನ್ನು ಒಯ್ಯುವವರಿದ್ದರು. ಇನ್ನು ಮಕ್ಕಳು ಓದು ಕಲಿಯುವುದೇ ಅಪ್ಪನ ಅಕ್ಷರದಲ್ಲಿ. ಅಕ್ಕನಿಗೆ ಅದಕ್ಕಿಂತ ದೊಡ್ಡ ಶ್ರಾದ್ಧ ಬೇರೆ ಇರಲಿಲ್ಲ. ತಮ್ಮ ಮಾತ್ರ ಅಪ್ಪನ ಕಪಾಟಿನ ಹಳೆಯ ಕಾಗದಗಳನ್ನು ಖಾಲಿ ಮಾಡಿದ ದಿನದಿಂದ ಬೇಡ, ಬೇಡ ಎನ್ನುತ್ತಿದ್ದ. ಯಾಕೆ ಎಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ.

ಅಕ್ಕ ರಿಪೇರಿಗೆ ಒಯ್ದರೆ ಎರಡು ಅಂಗಡಿಯವರು ಕೈ ಚೆಲ್ಲಿದರು. ಉಳಿದದ್ದು ಮನೆಯೆದುರಿನ, ಹೆಸರಿನ ಬೋರ್ಡೂ ಇಲ್ಲದ ರಿಪೇರಿ ಅಂಗಡಿ. ಅಪ್ಪ ಜೀವಮಾನವಿಡೀ ಮಕ್ಕಳನ್ನು ಆ ಮೆಟ್ಟಿಲು ಹತ್ತಗೊಡಲಿಲ್ಲ. ತಮ್ಮನೂ ಹೇಳಿದ್ದ: "ಎಲ್ಲಿಗಾದರೂ ಹೋಗು, ಎದುರಿನವರ ಹತ್ತಿರ ಮಾತ್ರ ಬೇಡ."

ಅವನು ಬೇಡವೆಂದದ್ದೇ ಸಾಕಾಯಿತು. ಅವಳು ಹೋದಳು.

ರಿಪೇರಿಯ ಮುದುಕ ಬಲಗೈಯಲ್ಲಿ ಟಾರ್ಚು, ಎಡಗೈಯಲ್ಲಿ ಸ್ಕ್ರೂಡ್ರೈವರು ಹಿಡಿದು ಕಂಪ್ಯೂಟರಿನ ಡಬ್ಬಿ ಬಿಚ್ಚಿದ.

"ಒಳಗಿರೋದೆಲ್ಲ ಹೋಯ್ತಾ?"

"ಇಲ್ಲ ತಾಯಿ. ಬೆಳಿಗ್ಗೆ ಕಣ್ಣು ಬಿಡುತ್ತಲೇ ದೇವರ ಹೆಸರು ಹೇಳ್ತೀವಲ್ಲ, ಹಾಗೆ ಇದು ಏಳುವಾಗ ಹೇಳ್ಕೊಳ್ಳೋ ನಾಲ್ಕು ಮಾತೇ ಬಯಾಸು. ಅರ್ಧಕ್ಕೆ ಮರೆತಿದೆ. ಮತ್ತೆ ಹೇಳಿಕೊಟ್ಟರೆ ಎದ್ದು ಕೂರುತ್ತೆ."

ತನ್ನ ಕಂಪ್ಯೂಟರಿನಿಂದ ಸರಿಯಾದ ಫೈಲನ್ನು ಪೆನ್‌ಡ್ರೈವಿಗೆ ಇಳಿಸಿದ. ಯಂತ್ರ ಗುರುತಿಸುವ ಹೆಸರನ್ನೇ ಅದಕ್ಕಿಟ್ಟ. ಹಿಂಬದಿಯ ಕಿಂಡಿಗೆ ಸಿಕ್ಕಿಸಿ, ಪಕ್ಕದ ಪುಟ್ಟ ಗುಂಡಿಯನ್ನು ಒತ್ತಿ ಹಿಡಿದ. ಸಣ್ಣ ದೀಪವೊಂದು ಮಿಣುಕತೊಡಗಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು.

"ಏನಿದೆ ಒಳಗೆ?"

"ನಮ್ಮಪ್ಪನ ಅಕ್ಷರ. ಮೂವತ್ತು ವರ್ಷದ್ದು."

"ಮೂವತ್ತೊಂದು," ಎಂದ ಮುದುಕ, ದೀಪದಿಂದ ಕಣ್ಣು ಕೀಳದೆ.

ಎದುರಿಗೇ ಇದ್ದವನು, ಗೊತ್ತಿರಬೇಕು ಎಂದುಕೊಂಡಳು.

ಅಷ್ಟರಲ್ಲಿ ತಮ್ಮನ ಫೋನು. "ಎಲ್ಲಿದ್ದೀಯಕ್ಕಾ?"

"ಎದುರಿಗೆ."

ತಮ್ಮನ ದನಿ ತಗ್ಗಿತು: "ಅವರ ಕೈಲಿ ಏನೂ ಬರೆಸ್ಕೋಬೇಡ. ಎದ್ದು ಬಂದುಬಿಡು."

"ಈಗ ಹೆದರಿಕೆಯಾಯ್ತೇನೋ?" ಎಂದು ಫೋನಿಟ್ಟಳು. ಬೆನ್ನಿಗೆ ಬಿದ್ದ ತಮ್ಮನೇ ಬೆನ್ನಿಗೆ ಇರಿದಿದ್ದ.

ದೀಪ ನಿಂತಿತು. ಫ್ಯಾನು ಗುಂಯ್‌ಗುಟ್ಟಿತು. ಪರದೆ ಬೆಳಗಿ, ಅವಳು ಫೈಲು ತೆರೆದೊಡನೆ ಅಕ್ಷರಗಳು ಸಾಲಾಗಿ ಬಂದು ನಿಂತವು, ಒಂದೂ ತಪ್ಪದೆ. ಅಕ್ಕನ ಕಣ್ಣು ತುಂಬಿತು. ಮುದುಕ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದ.

"ಚೆನ್ನಾಗಿ ನೋಡ್ಕೊಂಡಿದ್ದಾರೆ," ಎಂದ.

"ನನಗೊಂದು ಚೀಟಿ ಬೇಕು. ಅಪ್‌ಡೇಟ್ ನಡುವೆ ನನ್ನ ತಮ್ಮ ಪ್ಲಗ್ಗು ಕಿತ್ತದ್ದರಿಂದಲೇ ಕೆಟ್ಟಿತು ಅಂತ ಬರೆದುಕೊಡಿ. ನಾಳೆ ಎಲ್ಲರೆದುರು ಅವನ ಮುಖಕ್ಕೆ ಹಿಡೀತೀನಿ."

"ಮನೆಯವರ ಮೇಲೆ ಬರೆಸ್ಕೋಬಾರದು ತಾಯಿ. ನಾನು ಬರೆಯೋದೂ ಬಿಟ್ಟಿದ್ದೀನಿ."

"ಎರಡೇ ಸಾಲು."

ಮುದುಕ ಅವಳನ್ನು ಒಮ್ಮೆ ನೋಡಿದ. ಡ್ರಾಯರಿನ ತಳದಿಂದ ಅಗಲ ಮೂತಿಯ ಹಳೆಯ ಪೆನ್ನೊಂದನ್ನು ತೆಗೆದು ಎಡಗೈಯಲ್ಲಿ ಹಿಡಿದ. ನಿಧಾನವಾಗಿ, ಪ್ರಾರ್ಥನೆಗೆ ಕೂತವನಂತೆ ಎರಡು ಸಾಲು ಬರೆದು, ಹಾಳೆಯನ್ನು ಅವಳ ಕಡೆ ತಿರುಗಿಸಿದ.

ಚೀಟಿಯ ಮೇಲೆ, ಮಸಿ ಇನ್ನೂ ಆರದೆ, ಎಡಕ್ಕೆ ಒರಗಿ, ಅಪ್ಪನ ಅಕ್ಷರಗಳಿದ್ದವು.