ನಾಲ್ಕರಲ್ಲಿ ಒಂದು ಪಾಲು

ಡಾಕ್ಟರಮ್ಮ ಕಾಯಿಲೆಯ ಹೆಸರು ಹೇಳಿದ್ದು ಅಣ್ಣನಿಗೆ, ಬೆವರಿದವನು ತಮ್ಮ. ಇಬ್ಬರೂ ಅವಳಿಗಳು. ಹನ್ನೊಂದು ನಿಮಿಷದ ಅಂತರ ಬಿಟ್ಟರೆ ಅದೇ ಮೂಗು, ಅದೇ ಬೊಕ್ಕತಲೆ, ಒಂದೇ ಹೊಲಿಗೆ ಅಂಗಡಿ. ಮೂರು ತಿಂಗಳಿಂದ ಅಣ್ಣನ ಬೆರಳಿಗೆ ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಎಡಗಾಲಂತೂ ಹೇಳಿದ ಮಾತೇ ಕೇಳುತ್ತಿರಲಿಲ್ಲ.

"ಮಲ್ಟಿಪಲ್ ಸ್ಕ್ಲಿರೋಸಿಸ್. ನರದ ಮೇಲಿನ ಹೊದಿಕೆ ಅಲ್ಲಲ್ಲಿ ಹಾಳಾಗುತ್ತೆ. ಔಷಧಿ ಇದೆ, ಹತೋಟಿಲಿ ಇಡಬಹುದು."

"ನನಗೂ ಬರುತ್ತಾ ಡಾಕ್ಟ್ರೇ?" ತಮ್ಮ ಕೇಳಿದ.

"ನಿಮ್ಮಿಬ್ಬರ ವಂಶವಾಹಿ ಒಂದೇ. ಆದರೂ ಇಂಥ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರೋದು ಹೆಚ್ಚುಕಮ್ಮಿ ನಾಲ್ಕರಲ್ಲಿ ಒಂದು ಸಲ. ಬರೀ ರಕ್ತದಲ್ಲಿ ಬರೋದಲ್ಲ ಇದು. ವಿಟಮಿನ್ ಡಿ ಕೊರತೆ, ಬಿಸಿಲು ಕಾಣದ ಮೈ, ಸಿಗರೇಟು, ಯಾವುದೋ ಹಳೇ ಸೋಂಕು, ಹೀಗೆ ನಾಲ್ಕಾರು ಸೇರಬೇಕು."

ಪರೀಕ್ಷೆ ಮಾಡಿದರೆ ಇಬ್ಬರಲ್ಲೂ ವಿಟಮಿನ್ ಡಿ ತಳ ಕಂಡಿತ್ತು. ಇಪ್ಪತ್ತು ವರ್ಷ ಟ್ಯೂಬ್‌ಲೈಟಿನ ಕೆಳಗೆ ಬೆನ್ನು ಬಗ್ಗಿಸಿದವರು, ಇನ್ನೇನಾದೀತು? ವಾರಕ್ಕೊಂದು ಮಾತ್ರೆ ಎಂದು ಇಬ್ಬರಿಗೂ ಬರೆದುಕೊಟ್ಟರು.

ಉಳಿದ ಮೂರು ಪಾಲು ತನ್ನ ಕಡೆಗಿದೆ ಎಂಬುದು ತಮ್ಮನ ಕಿವಿಗೆ ಬೀಳಲೇ ಇಲ್ಲ. ವಾರಕ್ಕೊಂದು ಒಳ್ಳೆಯದಾದರೆ ದಿನಕ್ಕೊಂದು ಏಳು ಪಟ್ಟು ಒಳ್ಳೆಯದು ಎಂದುಕೊಂಡು, ಯಾರಿಗೂ ಅನುಮಾನ ಬರಬಾರದೆಂದು ಮೂರು ಬೇರೆ ಬೇರೆ ಅಂಗಡಿಗಳಲ್ಲಿ ಮಾತ್ರೆ ಕೊಂಡ. ನಡುಮಧ್ಯಾಹ್ನ ತಾರಸಿಯ ಮೇಲೆ ಬರಿಮೈಯಲ್ಲಿ, ಒಂದು ಮಗ್ಗುಲು ಕಾದ ಮೇಲೆ ಇನ್ನೊಂದಕ್ಕೆ ಹೊರಳುತ್ತ ಮಲಗತೊಡಗಿದ. ಅಳತೆ ಕೊಡಲು ಬಂದವರು ಕಾದು ಕಾದು ಹೋದರು.

ಅಣ್ಣ ಕೋಲೂರಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ: "ಕಾಯಿಲೆ ನನಗೆ ಕಣೋ. ಪಥ್ಯ ನೀನ್ಯಾಕೆ ಮಾಡ್ತಿದ್ದೀಯ?"

"ಒಬ್ಬನಾದ್ರೂ ನೆಟ್ಟಗಿರಬೇಕಲ್ಲ," ಎಂದು ಮೇಲಿನಿಂದ ಉತ್ತರ ಬಂತು.

ಮೂರನೇ ತಿಂಗಳು ಆ ನೆಟ್ಟಗಿರಬೇಕಾದವನು ಕತ್ತರಿ ಹಿಡಿದಲ್ಲೇ ವಾಂತಿ ಮಾಡಿಕೊಂಡು ಕುಸಿದ. ಮಾತ್ರೆ ಅತಿಯಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಏರಿತ್ತು. ಆಸ್ಪತ್ರೆಗೆ ಸೇರಿಸಿದ ಮರುದಿನ ಅಣ್ಣ ನೋಡಲು ಬಂದರೆ ಬಾಗಿಲಲ್ಲೇ ನರ್ಸ್ ತಡೆದಳು. "ಡ್ರಿಪ್ ಕಿತ್ಕೊಂಡು ಎಲ್ಲಿಗೆ ಹೊರಟ್ರಿ? ನಡೀರಿ ಹಾಸಿಗೆಗೆ." ಅವನು ಬಾಯಿ ತೆರೆಯುವ ಮೊದಲೇ ರಟ್ಟೆ ಹಿಡಿದು ಒಳಗೆ ನಡೆಸಿದಳು. ಹಾಸಿಗೆಯ ಮೇಲೆ ಅದೇ ಮುಖ ಆಗಲೇ ಮಲಗಿತ್ತು. ಅವಳು ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿ, ಹಿಡಿದ ರಟ್ಟೆ ಬಿಟ್ಟು ಹೊರಟುಹೋದಳು.

"ಎಷ್ಟು ನುಂಗಿದೆಯೋ?"

"ಎಂಬತ್ತು ಆಗಿರಬೇಕು."

"ಹೆದರಿಕೆ ಅಂತ ನನ್ನ ಹತ್ರ ಹೇಳಬಾರದಿತ್ತಾ?"

ತಮ್ಮ ಗೋಡೆಯ ಕಡೆ ತಿರುಗಿದ. "ಕಾಯಿಲೆ ಬಂದವನ ಮುಂದೆ ನಿಂತು, ಬರದೆ ಇರೋನು ಹೆದರಿಕೆ ಅಂತ ಹೆಂಗೆ ಹೇಳೋದು?"

ಅಣ್ಣ ಹೊದಿಕೆಯ ಅಂಚಿನ ಬಿಚ್ಚಿದ ಹೊಲಿಗೆಯನ್ನು ಸವರಿದ. "ನನಗೂ ಹೆದರಿಕೆ ಇದೆ ಕಣೋ. ಇನ್ಮೇಲೆ ಇಬ್ಬರೂ ಕೂತು ಹೆದರೋಣ. ಮಾತ್ರೆಗಿಂತ ವಾಸಿ."

ಮನೆಗೆ ಕಳಿಸುವಾಗ ಡಾಕ್ಟರಮ್ಮ ತಮ್ಮನಿಗೆ ಮಾತ್ರೆ, ಬಿಸಿಲು ಎರಡನ್ನೂ ಬಂದ್ ಮಾಡಿದರು. ಅಣ್ಣನಿಗೆ ಎಂದಿನಂತೆ ವಾರಕ್ಕೊಂದು ಮಾತ್ರೆ, ಬೆಳಗಿನ ಎಳೆಬಿಸಿಲು. ಹಾಗಾಗಿ ಇಬ್ಬರೂ ಬೀದಿಯಲ್ಲಿ ಬರುವಾಗ ಒಬ್ಬ ಕೊಡೆಯ ಕೆಳಗಿದ್ದ, ಇನ್ನೊಬ್ಬ ಬಿಸಿಲಲ್ಲಿದ್ದ. ಒಬ್ಬನ ಕೈ ಇನ್ನೊಬ್ಬನ ಹೆಗಲ ಮೇಲಿತ್ತು.

ಅಂಗಡಿ ಮುಂದೆ ಬಟ್ಟೆ ಹಿಡಿದು ಕಾಯುತ್ತಿದ್ದ ಹೊಸ ಗಿರಾಕಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ಹುಷಾರಿಲ್ಲ ಅಂತ ಅಂಗಡಿ ಮುಚ್ಚಿತ್ತಂತಲ್ಲ, ನಿಮ್ಮಿಬ್ಬರಲ್ಲಿ ಹುಷಾರಿಲ್ಲದೋರು ಯಾರು?"

ಅಣ್ಣ ಕೋಲೆತ್ತಿ ಕೊಡೆಯ ಕಡೆ ತೋರಿಸಿದ.

"ಇವತ್ತಿಗೆ ಇವನು."