ತೆರೆದ ಕೋಟೆ

ಇನ್ನೊಂದು ಏಟಿಗೆ ಪರದೆಯ ಮೇಲಿನ ಕೆಂಪು ಸೇನೆ ಮುಗಿಯುತ್ತಿತ್ತು. ಅಷ್ಟರಲ್ಲಿ ಮೇಜಿನ ಮೇಲೆ ಹಸಿರು ದೀಪ ಹತ್ತಿತು.

ಸೆರಾನ್ ಹಲ್ಲು ಕಚ್ಚಿದಳು. ಹಸಿರು ಹತ್ತಿದರೆ ದಡ್ಡರ ಹಾಗೆ ಆಡಬೇಕು, ಹಳದಿ ಹತ್ತಿದರೆ ಜಾಣರ ಹಾಗೆ. “ಆಟ ಕೊಳ್ಳೋರಲ್ಲಿ ಎರಡೂ ಥರದವರು ಇರ್ತಾರಲ್ವಾ?” ಎಂದು ಟೀಮ್ ಲೀಡರ್ ಪ್ಯೋ ಮೊದಲ ದಿನವೇ ಹೇಳಿದ್ದ. ಅವಳಿಗೂ ಸರಿ ಎನಿಸಿತ್ತು. ಮಗು ಹುಟ್ಟುವ ಮುಂಚೆ ಅವಳು ಮಾಡುತ್ತಿದ್ದುದೂ ಇದೇ ಕೆಲಸ. ಯುದ್ಧದ ಆಟಗಳು ಅಂಗಡಿಗೆ ಹೋಗುವ ಮೊದಲು ಆಡಿ ನೋಡಿ, ಹುಳುಕು ಹೇಳುವುದು. ಪರೀಕ್ಷಿಸುವವಳು ಗೆಲ್ಲಬೇಕಾಗಿಲ್ಲ. ಆಡುವವರು ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂದು ಕಂಡುಹಿಡಿದರೆ ಸಾಕು.

ಇವತ್ತು ಸಿಕ್ಕಿಕೊಂಡಿದ್ದವಳು ಅವಳೇ.

ಬೆಳಿಗ್ಗೆ ಡೇಕೇರ್ ಬಾಗಿಲಲ್ಲಿ ಮಗು ದಾಬೊಮ್, ಅಮ್ಮನ ಕೋಟಿನ ತುದಿ ಹಿಡಿದದ್ದನ್ನು ಬಿಟ್ಟಿರಲಿಲ್ಲ. ಹಣೆ ಬೆಚ್ಚಗಿತ್ತು.

“ಅಮ್ಮಾ, ದಿನಾ ನನ್ನ ಶೂ ಒಂದೇ ಉಳಿಯತ್ತೆ. ಎಲ್ಲರ ಶೂನೂ ಮನೆಗೆ ಹೋಗ್ಬಿಡತ್ತೆ.”

“ಇವತ್ತು ನಿನ್ನ ಶೂನೇ ಮೊದಲು ಹೋಗೋದು, ಪುಟ್ಟಾ.”

“ಸುಳ್ಳು. ಬೆರಳು ಕೊಡು.”

ಕಿರುಬೆರಳಿಗೆ ಕಿರುಬೆರಳು ಸೇರಿಸಿ, ಹೆಬ್ಬೆರಳಿನಿಂದ ಆಣೆಯ ಮುದ್ರೆಯನ್ನೂ ಒತ್ತಿ ಬಂದಿದ್ದಳು.

ಪಾಂಗ್ಯೋ ಊರಿನಲ್ಲಿದ್ದ ಕಂಪನಿಯ ಗಾಜಿನ ಕಟ್ಟಡದಲ್ಲಿ ಅವಳಿಗೆ ಕೊಟ್ಟಿದ್ದು ಕಿಟಕಿಯಿಲ್ಲದ ಕೋಣೆ. ಹಿಂದಿನ ಮೆಟ್ಟಿಲಲ್ಲಿ ಬರಬೇಕು. ಫೋನು ಹೊರಗೆ. ಬಾಗಿಲು ತೆರೆಯುವುದು ಪ್ಯೋನ ಕಾರ್ಡಿಗೆ ಮಾತ್ರ. ಹೊಸ ಆಟದ ಗುಟ್ಟು ಹೊರಬೀಳಬಾರದಲ್ಲ! ಮೇಜಿನ ಮೇಲೆ ಊಟಕ್ಕೆ ಒಂದು ಗಿಂಬಾಪ್ ಅನ್ನದ ಸುರುಳಿ, ಒಂದು ಬಾಟಲಿ ಬಾರ್ಲಿ ನೀರು. ನೀರನ್ನು ಅವಳು ಹೆಚ್ಚು ಕುಡಿಯುತ್ತಿರಲಿಲ್ಲ. ಆಟದ ಮಧ್ಯೆ ಎದ್ದು ಹೋಗುವಂತಿರಲಿಲ್ಲ.

“ಇವತ್ತು ಕೊನೇ ದಿನ,” ಎಂದಿದ್ದ ಪ್ಯೋ, ಕೊರಳಪಟ್ಟಿ ಸರಿಮಾಡಿಕೊಳ್ಳುತ್ತ. “ಯಂತ್ರದ ಪರೀಕ್ಷೆ. ಅದು ಪಾಸಾದ್ರೆ ನಾವೆಲ್ಲ ಉಳ್ಕೋತೀವಿ.”

“ಬೇಗ ಬಿಡ್ತೀರಾ ಸಾರ್? ಮಗೂಗೆ ಮೈ ಬಿಸಿ ಇದೆ.”

“ಆಟ ಮುಗಿದ ತಕ್ಷಣ.”

ಎದುರಿನ ಕೆಂಪು ಸೇನೆಯನ್ನು ಆಡಿಸುವ ಆ ಯಂತ್ರದ ಬಗ್ಗೆ ಅವಳು ವಾರದಿಂದ ದೂರುತ್ತಲೇ ಇದ್ದಳು. “ಸಾರ್, ನಿಮ್ಮ ಕೆಂಪು ಸೇನೆಗೆ ಬುದ್ಧಿನೇ ಇಲ್ಲ. ಒಂದು ಸಣ್ಣ ಹಳ್ಳಿ ಕಿತ್ಕೊಂಡ್ರೆ ಸಾಕು, ಸಿಟ್ಟು ಬಂದು ಇರೋ ದಂಡನ್ನೆಲ್ಲ ನುಗ್ಗಿಸಿಬಿಡತ್ತೆ. ಅಕ್ಕಿ ಕಣಜಕ್ಕೆ ಒಬ್ಬ ಕಾವಲಿನವನೂ ಇಲ್ಲ. ಮಧ್ಯಾಹ್ನ ಆಯ್ತು ಅಂದ್ರೆ ನಿಂತಲ್ಲೇ ನಿದ್ದೆ. ಹೀಗೇ ಮಾರಿದ್ರೆ ಜನ ನಗ್ತಾರೆ.”

ಪ್ಯೋ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿದ್ದ. “ಅದನ್ನ ತಿದ್ದೋಕಾಗಲ್ಲ ಕಣ್ರೀ. ತುಂಬಾ ಹಳೇದು.”

ಇವತ್ತೂ ಅದೇ ಕಥೆ. ಮಧ್ಯಾಹ್ನ ಕೆಂಪು ಸೇನೆ ನದಿಯ ದಡದಲ್ಲಿ ನಿಂತೇಬಿಟ್ಟಿತ್ತು. ಸೆರಾನ್ ಗಿಂಬಾಪ್ ತಿಂದು ಮುಗಿಸಿದರೂ ಅಲುಗಲಿಲ್ಲ. ಎಚ್ಚರವಾದ ಮೇಲೂ ಅದು ಸೋಲಿನ ಅಂಚಿಗೆ ಬಂದಾಗಲೆಲ್ಲ ಹಸಿರು ದೀಪ. ತುಸು ಚೇತರಿಸಿಕೊಂಡರೆ ಹಳದಿ. ಗೆಲ್ಲುವ ಹಾಗಿಲ್ಲ, ಮುಗಿಸುವ ಹಾಗಿಲ್ಲ.

ಡೇಕೇರಿನಲ್ಲಿ ಈಗ ಮಕ್ಕಳು ಒಬ್ಬೊಬ್ಬರಾಗಿ ಹೊರಡುತ್ತಿರುತ್ತಾರೆ. ಗೂಡಿನಲ್ಲಿ ಉಳಿಯುವ ಆ ಒಂಟಿ ಜೊತೆ ಶೂ ಅವಳ ಕಣ್ಣಿಗೆ ಕಟ್ಟಿತು. ಬಲಗಾಲಿನದರ ಪಟ್ಟಿ ಕಿತ್ತುಹೋಗಿತ್ತು. ಹೊಲಿದುಕೊಡಬೇಕೆಂದು ಎಷ್ಟೋ ದಿನದಿಂದ ಅಂದುಕೊಳ್ಳುತ್ತಿದ್ದಳು.

ಸೋಲುವುದಕ್ಕೆ ಯಾವ ದೀಪದ ಅಪ್ಪಣೆಯೂ ಬೇಕಿಲ್ಲ ಎಂದು ಅವಳಿಗೆ ಆಗ ಹೊಳೆಯಿತು.

ಹಳದಿ ಹತ್ತಿಯೇ ಇತ್ತು. ಅವಳು ತನ್ನ ನೀಲಿ ಕೋಟೆಯ ಬಾಗಿಲನ್ನು ಹಾರುಹೊಡೆದು ತೆರೆದಳು. ಬಿಲ್ಲುಗಾರರನ್ನು ಗೋಡೆಯಿಂದ ಇಳಿಸಿದಳು. ಕಾವಲಿನವರನ್ನೆಲ್ಲ ಹಿತ್ತಲ ಹೊಲಕ್ಕೆ ಕಳಿಸಿದಳು. ಬಾ, ಮಹರಾಯ. ತಗೋ. ನನ್ನ ಬಿಡು.

ಕೆಂಪು ಸೇನೆ ಬರಲಿಲ್ಲ.

ಬಾಗಿಲ ಮುಂದೆ ಬಂದು ನಿಂತಿತು. ಹಿಂದೆ ಸರಿಯಿತು. ಮತ್ತೆ ಬಂತು. ಒಬ್ಬ ಕುದುರೆ ಸವಾರ ಒಳಗೆ ಇಣುಕಿದವನೇ ಓಟ ಕಿತ್ತ. ಯಂತ್ರಕ್ಕೆ ಅನುಮಾನ! ಬೇರೆ ದಿನವಾಗಿದ್ದರೆ ಸೆರಾನ್ ನಗುತ್ತಿದ್ದಳು. ಈಗ ಕಣ್ಣಲ್ಲಿ ನೀರು ಬಂತು. ಕೊನೆಗೆ ತನ್ನ ರಾಜನೊಬ್ಬನನ್ನೇ, ಕತ್ತಿಯೂ ಇಲ್ಲದೆ, ಬಾಗಿಲಿನಿಂದ ಹೊರಗೆ ನಡೆಸಿದಳು. ಅವನು ನಡೆದು ಹೋಗಿ ಕೆಂಪು ಬಾವುಟದ ಕೆಳಗೆ ನಿಂತ.

ಆಟ ಮುಗಿಯಿತು.

ಗೋಡೆಯಾಚೆ ಎಲ್ಲೋ ಚಪ್ಪಾಳೆ ಕೇಳಿಸಿತು. ಯಾವುದೋ ಮೀಟಿಂಗು. ಸೆರಾನ್ ಆಗಲೇ ಕೋಟು ಹಾಕಿಕೊಂಡಿದ್ದಳು.

ಬಾಗಿಲು ತೆರೆಯಿತು. ಪ್ಯೋ ಒಳಗೆ ನುಸುಳಿ, ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತ. ಮುಖವೆಲ್ಲ ಬೆವರು, ನಗು.

“ಏನು ಮಾಡ್ಬಿಟ್ರಿ ಕಣ್ರೀ! ಆ ಬಾಗಿಲು ತೆಗೆದದ್ದು! ಪಾಸಾಯ್ತು!”

“ಸಾರ್, ದಾರಿ ಬಿಡಿ. ಮಗು ಕಾಯ್ತಿದೆ.”

“ಈಗ ಬೇಡ. ಅವರೆಲ್ಲ ಪಕ್ಕದಲ್ಲೇ ಇದ್ದಾರೆ. ನಿಮ್ಮನ್ನ ನೋಡಬಾರದು.” ಅವನು ತುಟಿಯ ಮೇಲೆ ಬೆರಳಿಟ್ಟ. “ಉಸಿರೂ ಬಿಡ್ಬೇಡಿ.”

ಗೋಡೆಯಾಚೆ ಯಾರೋ ಮುದುಕರ ದನಿ ಜೋರಾಗಿ ಕೇಳಿಸಿತು. “ಒಂದು ವಾರ ಕಾಡಿಸಿತಲ್ಲಯ್ಯಾ ನನ್ನ! ಹಳ್ಳಿ ಕಿತ್ಕೊಂಡು ಸಿಟ್ಟು ಬರಿಸ್ತು. ಇವತ್ತು ಬಾಗಿಲು ತೆಗೆದಿಟ್ಟು ಹೆದರಿಸ್ತು! ನಾನು ಊಟ ಮಾಡಿ ಒಂದು ನಿದ್ದೆ ತೆಗೆದು ಬಂದ್ರೂ ಹಾಗೇ ಕಾಯ್ತಾ ಕೂತಿತ್ತು. ಇದಕ್ಕೆ ಸುಸ್ತು ಗಿಸ್ತು, ಮನೆ ಮಕ್ಕಳು, ಏನೂ ಇಲ್ವೇನಯ್ಯಾ?”

“ಇಲ್ಲ, ಛೇರ್ಮನ್ ಸಾರ್,” ಎಂದಿತು ಇನ್ನೊಂದು ದನಿ, ವಿನಯದಿಂದ. “ಅದು ಬರೀ ಯಂತ್ರ. ಆ ಕಡೆ ಯಾರೂ ಇಲ್ಲ.”

ಸೆರಾನ್ ಮುಷ್ಟಿ ಬಿಗಿಹಿಡಿದು ಗೋಡೆಯನ್ನು ಬಲವಾಗಿ ಬಡಿದಳು.